ಚಹಾ ಬಿಟ್ಟ ಸದಸ್ಯೆ

ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ನನ್ನ ಪಕ್ಕದ ಕುರ್ಚಿ ಆಕೆಯದು. ಅಧ್ಯಕ್ಷರ ಮೇಲೆ ಅವಿಶ್ವಾಸ ತರೋಣವೆಂದು ಮೊದಲು ಹೇಳಿದವಳು ನಾನು. ಅರ್ಜಿ ಬರೆದು, ಮನೆಮನೆ ತಿರುಗಿ ಸದಸ್ಯರ ಸಹಿ ಹಾಕಿಸಿ, ಯಾದಗಿರಿಗೆ ಹೋಗಿ ಸಹಾಯಕ ಆಯುಕ್ತರಿಗೆ ಕೊಟ್ಟು ಬಂದವಳೂ ನಾನೇ. ಆಕೆ ಮಾಡಿದ್ದು ಒಂದೇ. ಚಹಾ ಬಿಟ್ಟಳು.

ಯಾರು ಕಪ್ಪು ಮುಂದೆ ಹಿಡಿದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಅಧ್ಯಕ್ಷನ್ನ ಇಳಿಸಿದ ಮ್ಯಾಲೇ ಚಹಾ ಕುಡಿತೀನ್ರಿ," ಅನ್ನುವಳು. ರಂಗಂಪೇಟೆವರೆಗೂ ಸುದ್ದಿಯಾಯಿತು. ನನ್ನ ಗಂಡನೇ, "ಹೆಣ್ಮಗಳಂದ್ರ ಹಂಗಿರಬೇಕ ನೋಡು," ಅಂದ. ಆ ಹೊಟ್ಟೆಯುರಿಗೆ ನಾನು ಅವತ್ತು ಎರಡು ಕಪ್ಪು ಕುಡಿದೆ.

ಸಭೆಯ ದಿನ ಸಹಾಯಕ ಆಯುಕ್ತರು, "ಅವಿಶ್ವಾಸದ ಪರ ಇರುವವರು ಕೈ ಎತ್ತಿ," ಅಂದರು. ನಾನು ಎತ್ತಿದೆ. ಆಕೆಯ ಎರಡೂ ಕೈ ಸೆರಗು ಸಿಕ್ಕಿಸುವುದರಲ್ಲಿದ್ದವು. ಒಂದು ಮತ ಕಡಿಮೆ ಬಿದ್ದು ಅಧ್ಯಕ್ಷರು ಉಳಿದುಕೊಂಡರು. ಅವರೇ ತಂದುಕೊಟ್ಟ ಚಹಾವನ್ನು ಆಕೆ ಅಲ್ಲೇ ನಿಂತು ಕುಡಿದಳು. ಕಿಟಕಿಯಲ್ಲಿ ಇಣುಕುತ್ತಿದ್ದ ಮಂದಿ, "ಅಂತೂ ಅಕ್ಕಾರು ಚಹಾ ಕುಡದ್ರಪಾ!" ಎಂದು ಚಪ್ಪಾಳೆ ತಟ್ಟಿದರು.

ಮರುದಿನದಿಂದ ನಾನೂ ಚಹಾ ಬಿಟ್ಟಿದ್ದೇನೆ. ವರ್ಷವಾಯಿತು. ಯಾಕೆಂದು ಇನ್ನೂ ಯಾರೂ ಕೇಳಿಲ್ಲ.