ಹುರುಳಿ ಒಕ್ಕಣೆ ಮತ್ತು ನನ್ನ ಹೆಲ್ಮೆಟ್

ಗೆಳೆಯರೇ, ಇವತ್ತು ಬೆಳಿಗ್ಗೆ ಮಳವಳ್ಳಿ–ಮದ್ದೂರು ರಸ್ತೆಯಲ್ಲಿ ಬೈಕ್ ಸಮೇತ ಬಿದ್ದೆ. ಗುಂಡಿ ತಪ್ಪಿಸಲು ಪಕ್ಕಕ್ಕೆ ಸರಿದರೆ ಅಲ್ಲಿ ಒಕ್ಕಣೆಗೆಂದು ಹುರುಳಿ ಹರಡಿದ್ದರು. ಚಕ್ರ ಜಾರಿತು. ಹುರುಳಿ ಹರಡಿದ್ದ ಹೆಂಗಸೇ ಓಡಿಬಂದು ಎಬ್ಬಿಸಿದರು.

"ರಸ್ತೇಲಿ ಒಕ್ಕಣೆ ಮಾಡ್ಬಾರ್ದು ಅಂತ ಗೊತ್ತಿಲ್ವೇನಮ್ಮ?" ಎಂದು ರೇಗಿದೆ.

"ಗೊತ್ತು ಕಣಪ್ಪ. ಆ ಗುಂಡಿ ಬಿದ್ಮೇಲೆ ಎಲ್ಲಾ ಗಾಡೀನೂ ಈ ಪಕ್ಕದಲ್ಲೇ ಓಯ್ತವೆ. ಮದ್ಯಾನ್ನಕ್ಕೆಲ್ಲ ಉಳ್ಳಿ ಒಕ್ಕಣೆ ಮುಗುದೋಯ್ತದೆ."

"ನನ್ ತಲೆ ಒಡ್ದೋಗಿದ್ರೆ?"

"ತಲೆಗಿಕ್ಕೋದ ಕೈಗಾಕ್ಕಂಡು ನನ್ನ ಕೇಳ್ತೀಯಲ್ಲಪ್ಪ," ಎಂದರು.

ಮದ್ದೂರಿನಲ್ಲಿ ಪೊಲೀಸರು ಕಂಡಾಗ ತಲೆಗೆ ಹಾಕಿಕೊಂಡರಾಯಿತೆಂದು ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದೆ. ತಲೆ ಬಿದ್ದದ್ದು ಅವರ ಹುರುಳಿಯ ಮೇಲೆ, ಹಾಗಾಗಿ ಉಳಿಯಿತು.

ಮಂಡಿ ತರಚಿದೆ, ಅಂಗೈ ಸುಲಿದಿದೆ. ಮೊಣಕೈಗೆ ಮಾತ್ರ ಒಂದು ಗೀರೂ ಇಲ್ಲ.