ದೇವಾಪುರದ ಹಿಮ

ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಾನು ಕಾಲುವೆಯ ಗೇಟು ಕಾಯುವವರಿಗೆ ಕೋಣೆಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುತ್ತಿದ್ದೆ. ತಾರಸಿಯ ಮೇಲೆ ಬೀಳುವ ಭಾರವನ್ನು ಸಾಫ್ಟ್‌ವೇರ್ ಒಂದೊಂದಾಗಿ ಕೇಳುತ್ತಿತ್ತು: ಓಡಾಡುವ ಜನ, ಗಾಳಿ, ಕೊನೆಗೆ ಹಿಮ. ಜನರ ಭಾರ ಎಷ್ಟೆಂದು ಕಚೇರಿ ಮೊದಲೇ ಗೊತ್ತುಮಾಡಿತ್ತು; ಅದನ್ನು ಮುಟ್ಟುವಂತಿರಲಿಲ್ಲ. ಹಿಮದ ಮುಂದೆ ಸೊನ್ನೆ ಒತ್ತಿ ಮುಂದಕ್ಕೆ ಹೋಗುವುದು ರೂಢಿ. ಮೌಸ್ ಹಿಡಿದ ಕೈ ಬೆವರುವ ಊರಿನಲ್ಲಿ ಆ ಪ್ರಶ್ನೆಯೇ ನನಗೆ ಸಿಟ್ಟು ತರಿಸುತ್ತಿತ್ತು.

ಒಮ್ಮೆ ದೇವಾಪುರದ ಹತ್ತಿರ, ನಾನೇ ವಿನ್ಯಾಸ ಮಾಡಿದ್ದ ಕೋಣೆಯನ್ನು ನೋಡಲು ಹೋದೆ. ತಾರಸಿಯ ಮೇಲೆ ಭತ್ತದ ಹುಲ್ಲಿನ ಬಣವೆ ಇತ್ತು. ಅಕಾಲದ ಮಳೆಗೆ ತೊಯ್ದು ಒಂದು ಮಗ್ಗುಲಿಗೆ ವಾಲಿತ್ತು. ಅದನ್ನು ಒಟ್ಟಿದ ಹೆಂಗಸು ಪಕ್ಕದ ಗದ್ದೆಯಲ್ಲೇ ಇದ್ದಳು. ಮೇಲೆ ಯಾಕೆ ಒಟ್ಟಿದೆ ಎಂದು ಕೇಳಿದೆ.

"ಕೆನಾಲ್ ಬಂದಾಗಿಂದ ನೆಲ ಆರೂದಿಲ್ರಿ. ಕೆಳಗಿಟ್ರ ಕೊಳೀತದ," ಎಂದಳು.

ಇಳಿಸು ಎಂದೆ. ಎಲ್ಲಿಗೆ ಎಂದಳು. ಸುತ್ತಲೂ ನೀರು ನಿಂತ ಗದ್ದೆ.

ಆ ಊರಿನ ಮುಂದಿನ ಕೋಣೆಗೆ, ತೊಯ್ದ ಹುಲ್ಲಿನ ಭಾರವನ್ನು ಲೆಕ್ಕಹಾಕಿ ಹಿಮದ ಮುಂದೆ ತುಂಬಿದೆ. ಒಂದೇ ಮಗ್ಗುಲಿಗೆ ಹೆಚ್ಚು ಕೂಡುವ ಹಿಮಕ್ಕೂ ಸಾಫ್ಟ್‌ವೇರಿನಲ್ಲಿ ಜಾಗವಿತ್ತು. ಅದನ್ನೂ ಬಿಡಲಿಲ್ಲ.

ಸಹಿಗೆ ಕಳಿಸಿದ ಹಾಳೆ ಹಿಡಿದುಕೊಂಡು ಸಾಹೇಬರು ನನ್ನನ್ನು ಕರೆದರು. "ದೇವಾಪುರದಾಗ ಹಿಮ ಯಾವಾಗ ಬಿತ್ತರಿ?"

"ಸುಗ್ಗ್ಯಾಗ ಬಿತ್ತರಿ," ಎಂದೆ. "ಈಗ ಎಮ್ಮಿ ತಿನ್ನಾಕತ್ತಾವ."