ದೊಡ್ಡ ಬೆಟ್ಟದ ತುದಿಯ ಅಳತೆ

ಕೇರಿಯವರು ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಭೂಮಿಯ ಸೆಳೆತ ಅಳೆಯುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವುದು ಅವನ ಕೆಲಸ. ಜೀಪಿನಲ್ಲಿ ಅದನ್ನು ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದ. ಹೆತ್ತ ಮಗಳನ್ನೂ ಅಷ್ಟು ಜೋಪಾನವಾಗಿ ಎತ್ತಿಕೊಂಡವನಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಅವನೇ ಒಮ್ಮೆ ಅವಳಿಗೆ ಬಿಡಿಸಿ ಹೇಳಿದ್ದ. ಭೂಮಿಯ ಹೊರಚಿಪ್ಪು ಗಟ್ಟಿಯಿದ್ದರೆ ಬೆಟ್ಟದ ಭಾರಕ್ಕೆ ಬಗ್ಗುವುದಿಲ್ಲ. ಇಲ್ಲದಿದ್ದರೆ ಮಂಚದ ಹಲಗೆಯ ಹಾಗೆ ಬಾಗುತ್ತದೆ. ಬೆಟ್ಟದ ಎತ್ತರ, ಅಲ್ಲಿನ ಸೆಳೆತ, ಎರಡನ್ನೂ ಕೂಡಿಸಿ ಚಿಪ್ಪಿನ ಗಟ್ಟಿತನ ಲೆಕ್ಕ ಹಾಕುತ್ತಾರೆ. ಅದು ಬಾಗಿದರೆ ನಮಗೇನು, ಮೊದಲು ಸೋರುವ ಮಾಡು ನೋಡಿ ಎಂದಿದ್ದಳು.

ಕೊನೆಯ ವರ್ಷ ಅವಳಿಗೆ ಅನುಮಾನ ಹತ್ತಿತು. ದೊಡ್ಡ ಬೆಟ್ಟಕ್ಕೆ ಹೋದ ದಿನ ತಡವಾಗಿ ಬರುತ್ತಿದ್ದ. ಮಾತು ಕಡಿಮೆ. ರಾತ್ರಿ ಗೋಡೆಗೊರಗಿ ಕೂತೇ ನಿದ್ದೆ. ಕೇಳಿದರೆ ದಿಂಬು ಸರಿಯಿಲ್ಲ ಎಂದ. ಹೊಸ ದಿಂಬು ತಂದಳು, ಆಗಲೂ ಕೂತೇ ಇದ್ದ. ಯಾರನ್ನೋ ನೆನೆಸುತ್ತಿದ್ದಾನೆ ಎಂದುಕೊಂಡಳು. ಕೇಳಿಯೇಬಿಡಬೇಕು ಎನ್ನುವಷ್ಟರಲ್ಲಿ ಸತ್ತ. ಹೃದಯ ಸೋತಿತ್ತು ಎಂದರು ಆಸ್ಪತ್ರೆಯವರು.

ವರ್ಷ ತಿರುಗುವುದರೊಳಗೆ ಕಚೇರಿಯ ಹೊಸ ಮೇಡಂ ಮನೆಗೆ ಬಂದಳು. ಕುರ್ಚಿಯ ಅಂಚಿನಲ್ಲಿ ಕೂತು, ಅವನ ಅಳತೆಗಳೆಲ್ಲ ಸರಿಯಿವೆ, ದೊಡ್ಡ ಬೆಟ್ಟದ ತುದಿಯದು ಮಾತ್ರ ಹೊಂದುತ್ತಿಲ್ಲ ಎಂದಳು. ಅದನ್ನು ನಂಬಿದರೆ ಅಲ್ಲಿನ ಚಿಪ್ಪು ಬಗ್ಗದ ಉಕ್ಕು. ಸುತ್ತಲಿನ ಅಳತೆಗಳು ಬಾಗಿದೆ ಎನ್ನುತ್ತವೆ. ಅವರು ತುದಿಗೆ ಹತ್ತಿದ್ದು ನಿಜವೇ ಎಂದು ಮೆಲ್ಲಗೆ ಕೇಳಿದಳು.

ಸತ್ತವನು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ, ತಮ್ಮ ತಪ್ಪನ್ನು ಅವನ ತಲೆಗೆ ಕಟ್ಟಲು ಬಂದಿದ್ದಾಳೆ ಎಂದುಕೊಂಡಳು ಹೆಂಡತಿ.

"ಮತ್ತೆ ಅಳೀತೀರಲ್ಲ, ನಾನೂ ಬರ್ತೀನಿ. ಅವರ ಹೆಸರು ಕೆಡೋದಾದ್ರೆ ನನ್ನ ಕಣ್ಣೆದುರಿಗೇ ಕೆಡ್ಲಿ."

ಈ ಸಲ ಯಂತ್ರ ಹೊತ್ತವನು ಗಂಡನನ್ನು ಕರೆದೊಯ್ಯುತ್ತಿದ್ದ ಜೀಪಿನ ಡ್ರೈವರ್. ತುದಿಯಲ್ಲಿ ಮೇಡಂ ತಿರುಪು ತಿರುಗಿಸಿ ಯಂತ್ರವನ್ನು ಸಮ ಮಾಡಿ ಅಳೆದಳು. ಗಂಡನ ಅಂಕಿ ಬರಲಿಲ್ಲ, ಅದಕ್ಕಿಂತ ಕಡಿಮೆ ಬಂತು. ಮತ್ತೆ ಅಳೆದಳು. ಬರಲಿಲ್ಲ.

ಹೆಂಡತಿ ಡ್ರೈವರ್ ಕಡೆ ತಿರುಗಿದಳು. "ಯಾರ ಮನೆಗೆ ಹೋಗ್ತಿದ್ರು? ಹೇಳ್ಬಿಡಪ್ಪ."

"ಯಾವ ಮನೆ ಅಕ್ಕ? ಇಲ್ಲಿಗೆ ಆಡೂ ಬರಲ್ಲ. ಕೆಳಗೆ ಜೀಪಲ್ಲಿ ಕೂತು ನೋಡ್ತಿದ್ದೆ. ಇದೇ ದಾರೀಲಿ ಹತ್ತೋರು, ಇದೇ ದಾರೀಲಿ ಇಳಿಯೋರು. ಮೇಲಿನ ತಿರುವು ದಾಟಿದ್ರೆ ಕಾಣ್ತಿರ್ಲಿಲ್ಲ."

ಅವಳು ನಂಬಲಿಲ್ಲ. ಗಂಡಸರು ಗಂಡಸರನ್ನು ಬಿಟ್ಟುಕೊಡುವುದಿಲ್ಲ.

ಕೆಳಗಿಳಿದಷ್ಟೂ ಸೆಳೆತ ಹೆಚ್ಚು, ಆ ಅಂಕಿ ಎಲ್ಲಿಯದೆಂದು ಹುಡುಕೋಣ ಎಂದಳು ಮೇಡಂ. ಇಳಿಯುತ್ತಾ ಅಲ್ಲಲ್ಲಿ ಯಂತ್ರ ಇಟ್ಟರು. ಮೇಲಿನ ತಿರುವು ತಲುಪುವ ಮೊದಲು, ಕೆಳಗಿನ ಜೀಪಿಗೆ ಕಾಣದ ಕಡೆ, ಒಂದು ಚಪ್ಪಟೆ ಬಂಡೆಯಿತ್ತು. ಅಲ್ಲಿ ಗಂಡನ ಅಂಕಿ ಸಿಕ್ಕಿತು. ಅಲ್ಲಿಂದ ಮೇಲಕ್ಕೆ ದಾರಿ ಗೋಡೆಯಂತೆ ಕಡಿದಾಗಿತ್ತು.

ಹೆಂಡತಿ ಬಂಡೆಯ ಮೇಲೆ ಕೂತಳು. ಹತ್ತುವಾಗ ಅವಳಿಗೂ ಇಲ್ಲೇ ಉಸಿರು ಕಟ್ಟಿತ್ತು. ಅವನಿಗೆ ಮನೆಯಲ್ಲಿ ಮಲಗಿದರೂ ಕಟ್ಟುತ್ತಿತ್ತು, ಅದಕ್ಕೇ ಕೂತು ನಿದ್ದೆ. ಅವಳು ದಿಂಬು ಬದಲಿಸಿದ್ದಳು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ," ಎಂದಳು.

ಹಳೆಯ ಅಂಕಿ ತೆಗೆದು ಹೊಸದು ಹಾಕುತ್ತೇನೆ, ಯಾರೂ ಕೇಳುವುದಿಲ್ಲ ಎಂದಳು ಮೇಡಂ. ಆ ಕರುಣೆಯ ಮೇಲೂ ಹೆಂಡತಿಗೆ ಅನುಮಾನ.

"ಸುಮ್ನೆ ಅಳಿಸಿದ್ರೆ ನಾಳೆ ಕಳ್ಳ ಅಂತಾರೆ. ತಪ್ಪು ಅಂತ್ಲೇ ಬರೀರಿ. ಹತ್ತೋಕಾಗ್ಲಿಲ್ಲ ಅಂತ್ಲೂ ಬರೀರಿ. ಇಲ್ಲೇ ಬರೀರಿ."

ಮೇಡಂ ಹಾಳೆಯನ್ನು ಮೊಣಕಾಲ ಮೇಲಿಟ್ಟು ಬರೆದಳು. ಹೆಂಡತಿ ಹಾಳೆ ಇಸಿದುಕೊಂಡು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮುಗಿದ ಮೇಲೆ ಇನ್ನೊಮ್ಮೆ ಓದಿದಳು. ಆಮೇಲೆ ಇಳಿಯಲು ಎದ್ದಳು.